ಚೈನಿನ ವಿಷಯ

ಬಳ್ಳಾರಿ, ಕೌಲ್ ಬಜಾರ್
ಸೋಮವಾರ ರಾತ್ರಿ

ಮಗಳೇ,

ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ಅತ್ತಿಗೆಯ ಮೊಣಕಾಲು, ಹಳ್ಳದ ಹೊಲದ ಪಾಲು, ಆ ವಿಷಯ ಎಲ್ಲ ನಿನ್ನ ಚಿಕ್ಕಮ್ಮ ಫೋನಿನಲ್ಲಿ ಮಾತಾಡ್ತಾಳೆ. ಅದನ್ನು ನಾನು ಬರೆಯೋದಿಲ್ಲ.

ನಿನ್ನ ಪತ್ರ ಶುಕ್ರವಾರ ಬಂತು. ಮೆಣಸಿನ ಸಸಿ ಚೆನ್ನಾಗಿ ಹತ್ತಿದೆ ಅಂತ ಓದಿ ಖುಷಿಯಾಯಿತು. ಮಳೆ ಬಿಟ್ಟ ಮೇಲೆ ಕಸ ಗಿಡಕ್ಕಿಂತ ಜೋರಾಗಿ ಎದ್ದಿದೆ, ಆಳಿನ ಕೂಲಿ ಕೈಗೆ ಸಿಗಲ್ಲ, ಅದಕ್ಕೇ ಅಪ್ಪನ ಮ್ಯಾಸಿ ಟ್ರ್ಯಾಕ್ಟರಿಗೆ ಕಸ ಕೀಳೋ ಹಲ್ಲಿನ ಕಲ್ಟಿವೇಟರ್ ಕಟ್ಟಿದೆ ಅಂದೆ. ಅದೂ ಸರಿ. ಆದರೆ ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ಹಿಂದೆ ನೋಡಿದರೆ ಮುಂದೆ ತಪ್ಪುತ್ತೆ, ಮುಂದೆ ನೋಡಿದರೆ ಹಿಂದೆ ಏನು ಕಿತ್ತುಹೋಗ್ತಿದೆಯೋ ಅಂತ ಕೈ ನಡುಗುತ್ತೆ, ಅರ್ಧ ಸಾಲಿಗೇ ಎತ್ತಿಕೊಂಡು ಮನೆಗೆ ಬಂದೆ" ಅಂತ. ಅದನ್ನು ಓದಿ ಮೂರು ದಿನ ಆಯಿತು. ರಾತ್ರಿ ಎಚ್ಚರ ಆದಾಗೆಲ್ಲ ಅದೇ ತಲೆಯಲ್ಲಿ.

ಫೋನಿನಲ್ಲಿ ಹೇಳೋಕೆ ನಾಚಿಕೆ ಆಗಿ ಪತ್ರ ಬರೆದೆ ಅಂದೆ. ನನಗೂ ಹಾಗೇ. ಅದಕ್ಕೇ ನಾನೂ ಬರೀತಿದ್ದೀನಿ.

ಮೊದಲು ಒಂದು ಮಾತು. ಆ ಭಯ ನಿನ್ನ ಒಬ್ಬಳದಲ್ಲ. ನಮ್ಮ ಟ್ರ್ಯಾಕ್ಟರ್ ಕಟ್ಟಿರೋದೇ ಹಾಗೆ. ಎಲ್ಲಾ ಸಾಮಾನೂ ಬೆನ್ನ ಹಿಂದೆ ತೂಗುಹಾಕೋದು. ಹ್ಯಾರಿ ಫರ್ಗ್ಯೂಸನ್ ಅನ್ನೋ ಐರ್ಲೆಂಡಿನವನು ಹಾಕಿಕೊಟ್ಟ ಪದ್ಧತಿ, ನೇಗಿಲಿಗೆ ಅದರಂಥದ್ದು ಇನ್ನೊಂದಿಲ್ಲ. ಬೆಳೆ ಸಾಲಿನ ನಡುವೆ ಎಡೆ ಹೊಡೆಯೋಕೆ ಕೂತಾಗ ಮಾತ್ರ ಕುತ್ತಿಗೆಗೆ ಶಿಕ್ಷೆ. ನೀನು ಮೊಬೈಲಿನಲ್ಲಿ ನೋಡಿದೆ ಅಂದೆಯಲ್ಲ, ಅಮೆರಿಕದ ಹಳೇ ಫಾರ್ಮಾಲ್ ಎ, 1939ರದ್ದು, ಇಂಜಿನ್ ಒಂದು ಪಕ್ಕಕ್ಕೆ, ಸೀಟು ಇನ್ನೊಂದು ಪಕ್ಕಕ್ಕೆ. ಮೊಮ್ಮಗ ನನಗೂ ತೋರಿಸಿದ. ಇನ್ನೊಂದು, ಅಲಿಸ್ ಚಾಮರ್ಸ್ ಜಿ, 1948ರಿಂದ 1955ರವರೆಗೆ ಬಂದದ್ದು, ಅದರಲ್ಲಂತೂ ಇಂಜಿನ್ನನ್ನೇ ಸೀಟಿನ ಹಿಂದಕ್ಕೆ ಸಾಗಿಸಿಬಿಟ್ಟಿದ್ದಾರೆ. ಓಡಿಸೋನ ಕಣ್ಣೆದುರಿಗೇ ಗಿಡ, ಕಣ್ಣೆದುರಿಗೇ ಹಲ್ಲು. ನೋಡಿ ನಗು ಬಂತು. ಅಂದರೆ ಅಲ್ಲಿಯವರಿಗೂ ನಿನ್ನ ಹಾಗೇ ಕೈ ನಡುಗಿತ್ತು ಅಂತಲೇ ಅಲ್ವಾ? ಇಲ್ಲದಿದ್ದರೆ ಇಂಜಿನ್ ಎತ್ತಿ ಹಿಂದೆ ಇಡೋ ಉಸಾಬರಿ ಯಾರಿಗೆ ಬೇಕಿತ್ತು.

ಎತ್ತಿನ ಕಾಲದಲ್ಲಿ ಈ ಗೋಳು ಇರಲಿಲ್ಲ. ಎಡೆಕುಂಟೆ ಹಿಡಿದವನ ಮುಂದೆ ಎತ್ತು, ಕೈ ಕೆಳಗೆ ಕುಂಟೆ, ಪಕ್ಕದಲ್ಲೇ ಗಿಡ. ಎತ್ತು ತಾನೇ ಸಾಲು ಹಿಡಿಯುತ್ತಿತ್ತು. ಕುಡ ಗಿಡದ ಹತ್ತಿರ ಹೋದರೆ ಮೇಳಿ ಹಿಡಿದ ಕೈಗೇ ತಿಳಿಯುತ್ತಿತ್ತು. ಟ್ರ್ಯಾಕ್ಟರ್ ಸೀಟಿಗೆ ಏನೂ ತಿಳಿಯಲ್ಲ. ನಾನು ಎತ್ತಿನಿಂದ ಇಳಿದು ನೇರ ಟ್ರ್ಯಾಕ್ಟರ್ ಹತ್ತಿದವನು. ಎಲ್ಲ ಗೊತ್ತು ಅನ್ನೋ ಸೊಕ್ಕಿತ್ತು. ನಿನಗೆ ಅದು ಇಲ್ಲ, ಭಯ ಇದೆ. ಎರಡರಲ್ಲಿ ಯಾವುದು ವಾಸಿ ಅಂತ ನನಗೆ ಗೊತ್ತು, ಆದರೆ ಹೇಳಿದರೆ ಉಪದೇಶ ಆಗುತ್ತೆ.

ನಿನ್ನ ಕೈ ಯಾಕೆ ನಡುಗುತ್ತೆ ಅಂತ ನಾನು ಯೋಚನೆ ಮಾಡಿದ್ದು ಇಷ್ಟು. ನೀನು ಹಿಂದೆ ತಿರುಗಿ ನೋಡ್ತೀಯ. ಹಲ್ಲು ಬಲಗಡೆ ಗಿಡದ ಹತ್ತಿರ ಬಂದಿರುತ್ತೆ. ಗಾಬರಿಯಿಂದ ಸ್ಟಿಯರಿಂಗ್ ಎಡಕ್ಕೆ ತಿರುಗಿಸ್ತೀಯ. ಆಗ ಹಿಂದಿನ ಹಲ್ಲು ಎಡಕ್ಕೆ ಬರೋದಿಲ್ಲ, ಮೊದಲು ಬಲಕ್ಕೇ ಒದೆಯುತ್ತೆ. ಎಮ್ಮೆ ಮುಖ ಅತ್ತ ತಿರುಗಿಸಿದರೆ ಬಾಲ ಇತ್ತ ಬರುತ್ತಲ್ಲ, ಹಾಗೆ. ಗಿಡ ಉಳಿಸೋಕೆ ಹೋದ ಕೈಯೇ ಗಿಡ ಕಿತ್ತಿತು. ಇನ್ನಷ್ಟು ಗಾಬರಿ, ಇನ್ನಷ್ಟು ತಿರುಗಿಸೋದು. ಇದನ್ನು ಪುಸ್ತಕ ಓದಿ ಹೇಳ್ತಿಲ್ಲ ಮಗಳೇ.

ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಮರೆತರೆ "ಚೈನ್ ಬಿಟ್ಟ" ಅಂತಾರಲ್ಲ, ನೀನೂ ಚಿಕ್ಕವಳಿದ್ದಾಗ ನಿಮ್ಮಪ್ಪನಿಗೆ ಹಾಗೆ ಅಂದು ಓಡ್ತಿದ್ದೆ. ಅವನು ನಗ್ತಿದ್ದ. ಆ ಮಾತು ಎಲ್ಲಿಂದ ಬಂತು ಅಂತಲೂ ನಿನಗೆ ಗೊತ್ತು. 1986, ಹತ್ತಿ, ನಿಮ್ಮಪ್ಪ ಕಲ್ಟಿವೇಟರ್ ಪಕ್ಕಕ್ಕೆ ಅಲ್ಲಾಡದ ಹಾಗೆ ಹಿಡಿಯೋ ಚೈನ್ ಬಿಗಿ ಮಾಡೋದು ಮರೆತ, ಚಿಕ್ಕಪ್ಪ ಸಾಲು ಕಿತ್ತ. ಎಲ್ಲರಿಗೂ ಗೊತ್ತಿರೋ ಕಥೆ.

ಅದು ಹಾಗಲ್ಲ.

ಹಿಂದಿನ ದಿನ ನಾನು ಮೇಲಿನ ಹೊಲ ಹೊಡೆದು ಬಂದಿದ್ದೆ. ಬರೀ ಹೊಲ ಹೊಡೆಯುವಾಗ ಚೈನ್ ಸ್ವಲ್ಪ ಸಡಿಲ ಇದ್ದರೆ ನಡೆಯುತ್ತೆ. ಬೆಳಿಗ್ಗೆ ಅಣ್ಣ ಚಹಾ ಕುಡೀತಾ ನನಗೇ ಹೇಳಿದ, ಎರಡೂ ಕಡೆ ತಿರುಪು ತಿರುಗಿಸಿ ಬಿಗಿ ಮಾಡ್ಕೊ, ಕಲ್ಟಿವೇಟರ್ ಒಂದು ಬೆರಳೂ ಅಲ್ಲಾಡಬಾರದು ಅಂತ. ಹೂಂ ಅಂದೆ. ಮಾಡಲಿಲ್ಲ. ಡಿಸಿಎಚ್ 32 ಅನ್ನೋ ಹೈಬ್ರಿಡ್ ಹತ್ತಿ, ಕಾಳು ಕಾಳು ಎಣಿಸಿ ಊರಿದ್ದು, ಮೂರಡಿ ಸಾಲು. ಕಾಲುವೆ ಕಡೆ ಹೊಲ ಸ್ವಲ್ಪ ಇಳಿಜಾರು. ಅಲ್ಲಿ ಬಂದಾಗ ಕಲ್ಟಿವೇಟರ್ ಇಡೀದಾಗಿ ಪಕ್ಕಕ್ಕೆ ಜಾರಿತು. ಒಂದು ಗಿಡ ಬಿತ್ತು. ತಿರುಗಿ ನೋಡಿದೆ. ನೋಡ್ತಾನೇ ಸ್ಟಿಯರಿಂಗ್ ತಿರುಗಿಸಿದೆ. ಆಮೇಲೆ ಒಂದರ ಹಿಂದೆ ಒಂದು.

ನಿಲ್ಲಿಸಬಹುದಿತ್ತು. ಬದುವಿನ ಮೇಲೆ ನಮ್ಮಪ್ಪ, ಆಳುಗಳು ಕೂತಿದ್ದರು. ನಿಲ್ಲಿಸಿದರೆ ತಪ್ಪಾಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಹಾಗಂತ ಸಾಲಿನ ಕೊನೆವರೆಗೂ ಹೊಡೆದೆ. ನಲವತ್ತು ಹೆಜ್ಜೆ, ಎರಡೂ ಸಾಲು.

ಇಳಿದ ಮೇಲೆ ಅಪ್ಪ ಕೇಳಿದ. ನಾನು ಅಂದೆ, ಕಟ್ಟಿಕೊಟ್ಟಿದ್ದು ಅಣ್ಣ, ಚೈನ್ ಬಿಟ್ಟಿದ್ದಾನೆ. ಆಳುಗಳ ಎದುರಿಗೇ ಅಪ್ಪ ಅವನಿಗೆ ಏನೇನೋ ಅಂದ. ಅಣ್ಣ ಹೋಗಿ ಚೈನ್ ಹಿಡಿದು ನೋಡಿದ. ತಿರುಪಿನ ಮೇಲೆ ಹಿಂದಿನ ದಿನದ ಎರೆ ಮಣ್ಣು ಹಾಗೇ ಒಣಗಿ ಕೂತಿತ್ತು. ಯಾರೂ ಮುಟ್ಟಿಲ್ಲ ಅಂತ ಅವನಿಗೆ ಗೊತ್ತಾಯಿತು. ನನ್ನ ಮುಖ ನೋಡಿದ. ಮಾತಾಡಲಿಲ್ಲ. ಸಂಜೆ ಇಬ್ಬರೂ ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು, ಕಿತ್ತ ಗಿಡಗಳನ್ನು ಮತ್ತೆ ಊರಿದೆವು. ಬೆಳಿಗ್ಗೆ ನೆಟ್ಟಗೆ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಎಲೆ ಜೋತುಬಿದ್ದಿದ್ದವು.

ಅವನು ಇರೋವರೆಗೂ ನಾನು ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಎರಡು ಸಲ ಶುರು ಮಾಡಿದೆ. ಎರಡು ಸಲವೂ ಯಾರೋ ಬಂದರು. ಯಾರೂ ಬರದಿದ್ದರೂ ಹೇಳ್ತಿದ್ದೆನೋ ಇಲ್ಲವೋ.

ಹೀಗಾಗಿ, ಅರ್ಧ ಸಾಲಿಗೇ ಎತ್ತಿಕೊಂಡು ಬಂದೆ ಅಂತ ನೀನು ಸೋತವಳ ಹಾಗೆ ಬರೆದದ್ದು ನೋಡಿ ನನಗೆ ಹೇಗಾಯಿತು ಹೇಳು. ಕೈ ನಡುಗಿದಾಗ ನೀನು ಮಾಡಿದ ಕೆಲಸ ನನಗೆ ಆಗಿರಲಿಲ್ಲ. ಊರವರು ನಗ್ತಾರೆ ಅಂದೆ. ನಗಲಿ ಬಿಡು. ಅವರ ಹೊಲದಲ್ಲಿ ಎಷ್ಟು ಸಾಲು ಹೋಗಿವೆ ಅಂತ ನನಗೆ ಗೊತ್ತು.

ಇನ್ನು ನೀನು ಕೇಳಿದ ಜೋಡಣೆ ವಿಷಯ. ನಾನು ಟ್ರ್ಯಾಕ್ಟರ್ ಬಿಟ್ಟು ಬಹಳ ವರ್ಷ ಆಯಿತು. ನೆನಪಿದ್ದಷ್ಟು ಹೇಳ್ತೀನಿ, ನಿನಗೆ ಗೊತ್ತಿದ್ದರೆ ಬೈಕೋಬೇಡ.

ನಿನ್ನ ಮೆಣಸಿನ ಸಾಲು ಮೂರಡಿ ಅಂದೆ. ಹಾಗಾದರೆ ಚಕ್ರದಿಂದ ಚಕ್ರಕ್ಕೆ, ನಡುವಿನಿಂದ ನಡುವಿಗೆ, ಆರಡಿ ಬೇಕು. ಎರಡು ಸಾಲು ಹೊಟ್ಟೆ ಕೆಳಗೆ ಹೋಗಬೇಕು. ಈಗ ಎಷ್ಟಿದೆ ಅಂತ ಟೇಪ್ ಹಿಡಿದು ನೋಡು, ನಿಮ್ಮಪ್ಪ ಟ್ರೇಲರ್ ಕೆಲಸಕ್ಕೆ ಅಂತ ಚಕ್ರ ಒಳಗೆ ತಂದಿದ್ದ ಅಂತ ನೆನಪು. ಹಿಂದಿನ ಚಕ್ರದ ತಟ್ಟೆ, ರಿಮ್ಮು ತಿರುಗಿಸಿ ಹಾಕಿದರೆ ನಾಲ್ಕು ನಾಲ್ಕು ಇಂಚು ಅಗಲ ಆಗ್ತಾ ಹೋಗುತ್ತೆ. ತಿರುಗಿಸಿದಾಗ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಬೇಕಾಗುತ್ತೆ, ಇಲ್ಲದಿದ್ದರೆ ಟೈರಿನ ಗುಬ್ಬು ಉಲ್ಟಾ ಆಗುತ್ತೆ. ಇದಕ್ಕೆ ನೀನೊಬ್ಬಳೇ ಕೈ ಹಾಕಬೇಡ. ಟೈರಿನಲ್ಲಿ ನೀರು ತುಂಬಿಸಿದ್ದರೆ ಅದು ಮನುಷ್ಯರು ಹಿಡಿಯೋ ಭಾರವಲ್ಲ. ಕುರುಗೋಡಿನಲ್ಲಿ ಮೆಕ್ಯಾನಿಕ್ ಹತ್ತಿರ ಮಾಡಿಸು. ಮುಂದಿನ ಚಕ್ರವನ್ನೂ ಅಷ್ಟೇ ಅಗಲಕ್ಕೆ ಎಳೆಸು, ಅದನ್ನು ಎಲ್ಲರೂ ಮರೀತಾರೆ.

ಹಲ್ಲು ಒಂಬತ್ತಿವೆ. ಒಂಬತ್ತೂ ಬೇಡ. ನಡುವಿನ ಸಂದಿಗೆ ಮೂರು, ಆ ಕಡೆ ಈ ಕಡೆ ಚಕ್ರ ಹೋಗೋ ಸಂದಿಗೆ ಎರಡೆರಡು ಸಾಕು. ಚಕ್ರದ ಸಂದಿ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ, ಎರಡು ಸಲ ಸಿಗುತ್ತಲ್ಲ. ಉಳಿದ ಎರಡು ಬಿಚ್ಚಿಡು. ಗಿಡದ ಎರಡೂ ಮಗ್ಗುಲಿಗೆ ಒಂದೊಂದು ಗೇಣು ಮುಟ್ಟದ ಜಾಗ ಇರಲಿ. ಮೆಣಸಿನ ಬೇರು ಮೇಲೇ ಇರುತ್ತೆ. ಆ ಗೇಣಿನೊಳಗಿನ ಕಸ ಕೈಯಲ್ಲೇ ತೆಗೆಸಬೇಕು, ಕೂಲಿ ಉಳಿಸ್ತೀನಿ ಅಂತ ಹಲ್ಲು ಒಳಗೆ ತರಬೇಡ. ನಿನ್ನ ಭಯ ಅರ್ಧ ಅಲ್ಲೇ ಹೋಗುತ್ತೆ ಅಂತ ನನಗೆ ಅನಿಸುತ್ತೆ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳೋದಿಲ್ಲ.

ಇದನ್ನೆಲ್ಲ ಹೊಲದಲ್ಲಿ ಮಾಡಬೇಡ. ಮನೆ ಮುಂದಿನ ಬಂಡೆ ಹಾಸಿನ ಮೇಲೆ ಗಾಡಿ ನಿಲ್ಲಿಸು. ಸೀಮೆಸುಣ್ಣದಲ್ಲಿ ಎರಡು ಸಾಲು ಬರಿ, ಮೂರಡಿ ಅಂತರಕ್ಕೆ, ಅವೇ ಗಿಡ ಅಂತ ತಿಳಿ. ನಾಲ್ಕೂ ಚಕ್ರದ ಕೆಳಗೆ ಮೂರು ಬೆರಳು ದಪ್ಪದ ಹಲಗೆ ಕೊಡು. ಈಗ ಕಲ್ಟಿವೇಟರ್ ಇಳಿಸಿ ಎಲ್ಲಾ ಹಲ್ಲಿನ ತುದಿಯೂ ಬಂಡೆಗೆ ತಾಗೋ ಹಾಗೆ, ಕಲ್ಟಿವೇಟರನ್ನು ಮೇಲುಗಡೆ ಹಿಡಿದಿರೋ ಲಿಂಕು ತಿರುಗಿಸು. ಹೊಲದಲ್ಲಿ ಅಷ್ಟೇ ಆಳ ಇಳಿಯುತ್ತೆ, ಮೂರು ಬೆರಳು. ಕಸಕ್ಕೆ ಅಷ್ಟು ಸಾಕು. ಹೈಡ್ರಾಲಿಕ್ಕಿನ ಎರಡು ಹ್ಯಾಂಡಲ್‌ನಲ್ಲಿ ಪೊಸಿಷನ್ ಇಟ್ಟುಕೋ, ಅದು ಇಳಿಸಿದ ಮಟ್ಟಕ್ಕೇ ಹಿಡಿಯುತ್ತೆ. ಡ್ರಾಫ್ಟ್ ನೇಗಿಲಿಗೆ, ಅದರಲ್ಲಿ ಮಣ್ಣು ಮೆತ್ತಗೆ ಸಿಕ್ಕ ಕಡೆ ಹಲ್ಲು ತಾನೇ ಆಳಕ್ಕೆ ಹೋಗುತ್ತೆ.

ಎರೆ ಹೊಲದ ಹದ ನಿನಗೆ ನಾನು ಹೇಳಬೇಕಾಗಿಲ್ಲ. ಹಸಿ ಇದ್ದರೆ ಹಲ್ಲಿಗೆ ಮೆತ್ತಿ ಉಂಡೆ ಕಟ್ಟುತ್ತೆ, ಎರಡು ದಿನ ತಡ ಮಾಡಿದರೆ ಹೆಂಟೆ ಏಳುತ್ತೆ, ಗಿಡದ ಮೇಲೆ ಉರುಳುತ್ತೆ.

ಮತ್ತೆ ಆ ಕೈ ನಡುಗೋದಕ್ಕೇ ಬರ್ತೀನಿ. ಹಿಂದೆ ನೋಡಲೇಬೇಡ ಅಂತ ಹೇಳಿದರೆ ನೀನು ಕೇಳಲ್ಲ, ನಾನೂ ಕೇಳ್ತಿರಲಿಲ್ಲ. ಅದಕ್ಕೆ ಮೊದಲ ನಾಲ್ಕು ಸಾಲಿಗೆ ಅತ್ತಿಗೆಯ ತಮ್ಮನನ್ನು ಹಿಂದೆ ನಡೆಸು, ಆದರೆ ದೂರ, ಹಲ್ಲಿನ ಹತ್ತಿರ ಅಲ್ಲ. ನೋಡೋ ಕೆಲಸ ಅವನದು. ಕೂಗಿದರೆ ನೀನು ಸ್ಟಿಯರಿಂಗ್ ಮುಟ್ಟಬೇಡ, ಕ್ಲಚ್ ಒತ್ತು. ಅಷ್ಟೇ. ನಿಲ್ಲು, ಎತ್ತು, ಆಮೇಲೆ ಇಳಿದು ನೋಡು. ನಿನ್ನ ಕಣ್ಣು ಮುಂದೆ ಹತ್ತು ಹೆಜ್ಜೆ ದೂರದ ಗಿಡದ ಮೇಲೆ ಇರಲಿ. ಎಲ್ಲಕ್ಕಿಂತ ಸಣ್ಣ ಗೇರು. ಆಳು ನಡೆದಷ್ಟು ನಿಧಾನ ಹೋದರೆ ಯಾರ ಗಂಟೂ ಹೋಗಲ್ಲ.

ಒಂದೆರಡು ಗಿಡ ಹೋಗುತ್ತೆ ಮಗಳೇ. ನಿಮ್ಮಪ್ಪನೂ ಕಿತ್ತಿದ್ದಾನೆ. ಬಂದು ಊಟದ ಹೊತ್ತಿಗೆ ಲೆಕ್ಕ ಹೇಳ್ತಿದ್ದ, ಇವತ್ತು ಏಳು, ಇವತ್ತು ಮೂರು ಅಂತ. ನಾನು ಒಂದು ದಿನವೂ ಲೆಕ್ಕ ಹೇಳಿದವನಲ್ಲ.

ಮರೆತೆ. ಆ ವರ್ಷವೇ ಅಣ್ಣ ಕಲ್ಟಿವೇಟರ್ ಫ್ರೇಮಿನ ಮೇಲೆ, ಮೂರಡಿ ಸಾಲಿಗೆ ಯಾವ ಹಲ್ಲು ಎಲ್ಲಿ ಕೂರಬೇಕು ಅಂತ ಉಳಿಯಲ್ಲಿ ಹೊಡೆದು ಗುರುತು ಮಾಡಿದ್ದ. ಮುಂದಿನ ಪಟ್ಟಿಯಲ್ಲಿ ಇರಬೇಕು. ಇಷ್ಟು ವರ್ಷದ ಬಣ್ಣ, ತುಕ್ಕು ಕೂತಿರುತ್ತೆ. ಬಟ್ಟೆಗೆ ಡೀಸೆಲ್ ಹಾಕಿ ಉಜ್ಜಿ ನೋಡು. ಸಿಕ್ಕರೆ ನನ್ನ ಅಳತೆ ಎಲ್ಲ ಬಿಟ್ಟುಬಿಡು, ಅವನದನ್ನೇ ಹಿಡಿ.

ಚೈನ್ ಹಳೆಯದು ಸವೆದಿದೆ ಅಂತ ನೀನು ಬರೆದಿದ್ದೆ. ಹೊಸ ಜೋಡಿ ಇಲ್ಲೇ ತಗೊಂಡಿದ್ದೀನಿ, ಗೋಣಿಯಲ್ಲಿ ಕಟ್ಟಿ ಗುರುವಾರ ಮಧ್ಯಾಹ್ನದ ಕುರುಗೋಡು ಬಸ್ಸಿಗೆ ಹಾಕ್ತೀನಿ. ಎಷ್ಟಾಯಿತು ಅಂತ ಕೇಳಬೇಡ. ಕಂಡಕ್ಟರ್ ಹತ್ತಿರ ನಿಮ್ಮಪ್ಪನ ಹೆಸರು ಹೇಳಿ ಇಸ್ಕೊ, ಗೋಣಿಯ ಮೇಲೆ ಅದನ್ನೇ ಬರೆದಿದ್ದೀನಿ. ಭಾರ ಇದೆ, ಯಾರನ್ನಾದರೂ ಜೊತೆಗೆ ಕರ್ಕೊಂಡು ಬಾ.

ನಿನ್ನ
ಚಿಕ್ಕಪ್ಪ