ಸುಧಾಳ ನೋಟ್‌ಬುಕ್ಕಿನ ವಿಷಯ

ಲಂಡನ್

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮ ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ?

ನಿಮ್ಮ ಪತ್ರ ತಲುಪಿತು. ಕಾದಂಬರಿ ಬರೆಯುತ್ತಿರುವ ಸುಧಾಗೆ ತಲೆ ಕೆಟ್ಟಿತೇನೋ ಎಂದು ಹೆದರಿದ್ದೀರಿ. ಅವಳಿಗೆ ಏನೂ ಆಗಿಲ್ಲ, ದಯವಿಟ್ಟು ನಂಬಿ. ಅವಳ ಕಾದಂಬರಿಯಲ್ಲಿ ಮನುಷ್ಯರಿಗೆ ಹೆಸರಿಲ್ಲ, ನಂಬರ್ ಇದೆ ಅಂತ ರಘು ಮಾವ ಗಾಬರಿಯಾದರಂತೆ. ಜನರ ಬದುಕನ್ನೆಲ್ಲ ಸರ್ಕಾರವೇ ಹಿಡಿದಿಡುವ ಕೆಟ್ಟ ಲೋಕವನ್ನು ಕಲ್ಪಿಸುವ ಕಾದಂಬರಿಗಳಲ್ಲಿ (ಡಿಸ್ಟೋಪಿಯಾ ಅನ್ನುತ್ತಾರೆ) ಅದು ಹಳೆಯ ಪದ್ಧತಿ. ರಷ್ಯಾದ ಜಮ್ಯಾಟಿನ್ 1920ರ ಹೊತ್ತಿಗೇ ಬರೆದ ‘ನಾವು’ ಕಾದಂಬರಿಯ ನಾಯಕನ ಹೆಸರು ಡಿ-503. ಅಲ್ಲಿ ಮನೆಗೋಡೆಗಳು ಗಾಜಿನವು, ಪರದೆ ಇಳಿಸಬೇಕಾದರೆ ಚೀಟಿ ಬೇಕು. ದಿನದಲ್ಲಿ ಸ್ವಂತದ್ದು ಎರಡೇ ಗಂಟೆ: ಸಂಜೆ 4ರಿಂದ 5, ರಾತ್ರಿ 9ರಿಂದ 10. ಇಂಗ್ಲಿಷಿನಲ್ಲಿ 1924ರಲ್ಲೇ ಬಂದ ಆ ಪುಸ್ತಕ ಬರೆದವನ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ.

ನನಗೆ ಚಿಂತೆಯಾದದ್ದು ನೀವು ಅವಳ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಕ್ಕೆ. 1949ರಲ್ಲಿ ಬಂದ ಆರ್ವೆಲ್‌ನ ‘1984’ ಕಾದಂಬರಿಯಲ್ಲಿ ನಾಯಕ ವಿನ್‌ಸ್ಟನ್ ಗುಜರಿ ಅಂಗಡಿಯಿಂದ ಎರಡೂವರೆ ಡಾಲರಿಗೆ ಒಂದು ಖಾಲಿ ಪುಸ್ತಕ ಕೊಳ್ಳುತ್ತಾನೆ. ಗೋಡೆಯಲ್ಲಿದ್ದು ಮನೆಯವರನ್ನೇ ಕಾಯುವ ಟಿವಿ ಪರದೆಯ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂತು ದಿನಚರಿ ಬರೆಯುತ್ತಾನೆ, ಅಲ್ಲಿಂದಲೇ ಕಥೆ ಶುರು. ಅದು ಕಾನೂನಿಗೆ ವಿರುದ್ಧವಲ್ಲ, ಏಕೆಂದರೆ ಅಲ್ಲಿ ಕಾನೂನೇ ಇಲ್ಲ. ಸಿಕ್ಕಿಬಿದ್ದರೆ ಮಾತ್ರ ಮರಣ, ಇಲ್ಲವೇ ಕನಿಷ್ಠ 25 ವರ್ಷ ಕಡ್ಡಾಯ ದುಡಿಮೆಯ ಶಿಬಿರವಾಸ. ಡಿ-503 ಕೂಡ ಬರೆಯುವುದು ಟಿಪ್ಪಣಿಗಳನ್ನೇ, ಒಟ್ಟು 40. ನಿಮ್ಮನ್ನು ಆ ಕಥೆಗಳ ಸರ್ಕಾರಕ್ಕೆ ಹೋಲಿಸುತ್ತಿಲ್ಲ ಅಪ್ಪ, ಬೇಜಾರು ಮಾಡಿಕೊಳ್ಳಬೇಡಿ.

ಅವಳು ಫೋಟೊ ತೆಗೆದು ಕಳಿಸಿದ ಪುಟಗಳನ್ನು ಓದಿದೆ. ಹುಚ್ಚಿಲ್ಲ, ಆದರೆ ಆತುರವಿದೆ. ಮೊದಲ ಅಧ್ಯಾಯದಲ್ಲೇ ಸರ್ವಾಧಿಕಾರಿ, ಕ್ಯಾಮೆರಾ, ಪೊಲೀಸ್, ಯುದ್ಧ ಎಲ್ಲವನ್ನೂ ಸುರಿದಿದ್ದಾಳೆ. ಹಾಗೆ ಮಾಡಿದರೆ ಓದುವವರಿಗೆ ಭಯವಾಗುವುದಿಲ್ಲ, ಆಯಾಸವಾಗುತ್ತದೆ. ಒಂದೇ ನಿಯಮ, ಒಂದೇ ದಿನ, ಆ ನಿಯಮ ಸರಿ ಎಂದೇ ನಂಬಿದ ಒಬ್ಬಳು, ಶುರುವಿಗೆ ಇಷ್ಟು ಸಾಕು ಅಂತ ಹೇಳಿ. ಆಟ್‌ವುಡ್ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಯಲ್ಲಿ ಹೀಗೆ ಮಾಡಿದ್ದಾರೆ: ಒಂದು ದಿನ ಅಂಗಡಿಯಲ್ಲಿ ನಾಯಕಿಯ ಕಾರ್ಡ್ ನಡೆಯುವುದಿಲ್ಲ. ಹೆಂಗಸರ ಖಾತೆಗಳೆಲ್ಲ ಬಂದ್, ಹಣ ಗಂಡನ ಅಥವಾ ಹತ್ತಿರದ ಗಂಡಸಿನ ಕೈಗೆ. ಗಂಡ ಒಳ್ಳೆಯವನೇ, ನಾನು ನೋಡಿಕೊಳ್ಳುತ್ತೇನಲ್ಲ ಅನ್ನುತ್ತಾನೆ. ಆ ಪುಸ್ತಕದಲ್ಲಿ ಬಂದೂಕಿಗಿಂತ ಹೆಚ್ಚು ಹೆದರಿಸುವುದು ಆ ಮಾತು. ಹಕ್ಸ್‌ಲಿಯ 1932ರ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಂತೂ ಹೊಡೆತ ಬಡಿತವೇ ಅಪರೂಪ. ಬೇಸರವಾದರೆ ಸೋಮ ಎಂಬ ಮಾತ್ರೆ.

ಭಾಷೆಯ ಕಡೆಗೂ ಗಮನ ಕೊಡಲಿ. ಆರ್ವೆಲ್‌ನ ಕಥೆಯಲ್ಲಿ ಸರ್ಕಾರ ಕಟ್ಟುವ ಹೊಸ ನುಡಿಯಲ್ಲಿ ‘ಮುಕ್ತ’ ಎಂಬ ಪದ ಉಳಿದಿರುತ್ತದೆ, ಆದರೆ ನಾಯಿ ಹೇನುಗಳಿಂದ ಮುಕ್ತ ಎನ್ನಲು ಮಾತ್ರ. ಮನುಷ್ಯನಿಗೆ ಅದನ್ನು ಹಚ್ಚಲಾಗದು. ಸುಧಾ ಹೊಸ ಪದಗಳನ್ನು ಹುಟ್ಟಿಸುವ ಬದಲು ಇರುವ ಪದಗಳ ಅರ್ಥಗಳನ್ನು ಒಂದೊಂದಾಗಿ ಕಿತ್ತು ನೋಡಲಿ. ಕಷ್ಟದ ಕೆಲಸ, ಅವಳ ಕೈಲಿ ಆಗುತ್ತದೆ.

ಇಲ್ಲಿಯ ಒಂದು ತಮಾಷೆ: ಆರ್ವೆಲ್‌ನ ಕಾದಂಬರಿಯಲ್ಲಿ ಸುಳ್ಳನ್ನೇ ತಯಾರಿಸುವ ಸತ್ಯ ಸಚಿವಾಲಯಕ್ಕೆ ಮಾದರಿ ಎನ್ನುವ ಸೆನೆಟ್ ಹೌಸ್ ಕಟ್ಟಡ ಈ ಊರಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಮಾಹಿತಿ ಸಚಿವಾಲಯವಿತ್ತು. ಕಥೆಯಲ್ಲಿ 300 ಮೀಟರ್ ಎತ್ತರ, ನಿಜದಲ್ಲಿ ಅದರ ಕಾಲು ಭಾಗವೂ ಇಲ್ಲ. ಈಗ ಅದರೊಳಗೆ ದೊಡ್ಡ ಗ್ರಂಥಾಲಯ! ಬೀದಿಬೀದಿಗೆ ಕ್ಯಾಮೆರಾ ಇರುವುದೂ ಹೌದು, ಆದರೆ ಅದಕ್ಕೆ ನೀವು ಹೆದರಬೇಡಿ.

ಗಂಡಿನ ಕಡೆಯವರಿಗೆ ಹುಡುಗಿ ಕಾದಂಬರಿ ಬರೆಯುತ್ತಿದ್ದಾಳೆ, ಮುಗಿಯುವವರೆಗೆ ಕಾಯಬೇಕು ಎಂದು ನೇರವಾಗಿ ಹೇಳಿ. ಕಾಯುವುದಿಲ್ಲವೆಂದರೆ ಬಿಡಿ. ನೋಟ್‌ಬುಕ್ಕನ್ನು ಇವತ್ತೇ ಅವಳಿಗೆ ಕೊಡಿ. ಬೀಗದ ಕೈಯನ್ನೂ. ಅವಳು ಆರಾಮಾಗಿದ್ದಾಳೆ, ನಿಜವಾಗಿಯೂ.

ಅಂಚೆಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ ಹೇಳಿ, ರಘು ಮಾವನಿಗೂ.

ನಿಮ್ಮ ಮಗಳು
ವಿಜಯಾ