ಎರಡ ಅಂಗಿ ಇದ್ದಾಕಿ

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಕಿಡ್ನಿ ಆಪರೇಷನ್ ಆಗಿ ನಿನ್ನೆಗೆ ಬರೋಬ್ಬರಿ 1 ವರ್ಷ ಆತು, ಕಿಡ್ನಿ ಹೆಂಗ ಕೆಲಸ ಮಾಡ್ತೈತಿ ಅಂತ ತೋರಿಸೋ ರಕ್ತದ ಟೆಸ್ಟ್ ಕ್ರಿಯೇಟಿನಿನ್ 1.2 ಬಂದೈತಿ, ಡಾಕ್ಟರ್ ರಿಪೋರ್ಟ್ ನೋಡಿ ನಕ್ರು. ಕಿಡ್ನಿ ಕೊಟ್ಟಾಕಿ ನಮ್ಮವ್ವ, ವಯಸ್ಸು 54, ಬೈಲಹೊಂಗಲದಾಗ ಜಂಪರ್ ಹೊಲಿತಾಳ. ಫೇಸ್‌ಬುಕ್‌ನ್ಯಾಗ ಏನೂ ಬರೀಬ್ಯಾಡ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರ್ದು ಅಂದಾಳ. ಆದ್ರ ಅದು ಕೊಟ್ಟಾಕಿಗೆ ಹೇಳಿದ ಮಾತು, ಇಸ್ಕೊಂಡಾಂವ ಸುಮ್ನಿರಬೇಕು ಅಂತ ಬೈಬಲ್ದಾಗಿನ ಆ ಮಾತಿನ್ಯಾಗ ಇಲ್ಲ, ಅದಕ್ಕ ಬರ್ಯಾಕತ್ತೀನಿ.

14 ತಿಂಗಳ ಡಯಾಲಿಸಿಸ್, ವಾರಕ್ಕ 3 ಸಲ ಬೆಳಗಾವಿಗೆ ಬಸ್ಸು, ಸೂಜಿ ಚುಚ್ಚಿದ್ರ 4 ತಾಸು ಅಲ್ಲಾಡಂಗಿಲ್ಲ. ನೀರು ಅಳತಿ ಮಾಡಿ ಕುಡಿಬೇಕು, ಬ್ಯಾಸಗಿಯೊಳಗ ಅದರಷ್ಟು ತ್ರಾಸ ಬ್ಯಾರೆ ಇಲ್ಲ. ಅವ್ವ ನನ್ನ ಮುಂದ ಒಂದ ಗುಟುಕ ನೀರ ಕುಡಿಲಿಲ್ಲ, ಹಿತ್ತಲಕ್ಕ ಹೋಗಿ ಕುಡದು ಬಾಯಿ ಒರಸ್ಕೊಂಡ ಬರ್ತಿದ್ಲು, ನನಗ ತಿಳಿದಿದ್ದು ಭಾಳ ತಡಾ ಆಗಿ.

ಅಂಗಾಂಗ ಕಸಿಯ 1994ರ ಕಾಯ್ದೆ ಪ್ರಕಾರ ಅವ್ವ ಅಂದ್ರ ಹತ್ತಿರದ ಸಂಬಂಧಿ, ಆದ್ರೂ ತಾನಾಗೇ ಒಪ್ಯಾಳೋ ಇಲ್ಲೋ ಅಂತ ಆಪರೇಷನ್‌ಕಿಂತ ಮೊದ್ಲ ಆಸ್ಪತ್ರ್ಯಾಗ ಕೇಳ್ತಾರ. "ಯಾರರ ಒತ್ತಾಯ ಮಾಡ್ಯಾರೇನವ್ವಾ?" ಅಂದ್ರು. "ಎರಡ ಅಂಗಿ ಇದ್ದಾಂವ ಇಲ್ಲದವಗ ಒಂದ ಕೊಡಬೇಕಂತ ಬೈಬಲ್ದಾಗ ಸ್ನಾನಿಕ ಯೋಹಾನ ಹೇಳ್ಯಾನ್ರಿ, ನಾ ಹೆಂಗೂ ಟೇಲರಕಿ" ಅಂದ್ಲು. ರೂಮ್ನಾಗ ಒಂದ ಕ್ಷಣ ಯಾರೂ ಮಾತಾಡ್ಲಿಲ್ಲ.

ಹೆದರಿಕಿ ಇರಲಿಲ್ಲ ಅಂತಲ್ಲ. ಆಪರೇಷನ್ ಹಿಂದಿನ ರಾತ್ರಿ ತಂಗಿ ಕಡೆಯಿಂದ ಬೈಬಲ್ದಾಗ ಯೇಸುಸ್ವಾಮಿ ಸಾಯೋ ಹಿಂದಿನ ರಾತ್ರಿ ಪ್ರಾರ್ಥನೆ ಮಾಡಿದ ಗೆತ್ಸೇಮನೆ ತೋಟದ ಭಾಗ ಎರಡ ಸಲ ಓದಿಸ್ಕೊಂಡ್ಲು. ಈ ಪಾತ್ರೆ, ಅಂದ್ರ ಈ ಕಷ್ಟ, ನನ್ನಿಂದ ದೂರ ಆಗಲಿ ಅಂತ ಯೇಸುಸ್ವಾಮಿನೇ ಕೇಳ್ಯಾನ, ನನಗ ಅಂಜಿಕಿ ಬಂದ್ರ ತಪ್ಪೇನು ಅಂದ್ಲು. ನಾವು ಚರ್ಚ್‌ನ್ಯಾಗ ತಾಯಂದಿರ ದಿನ ಬಂದ್ರ ಅವ್ವಂದ್ರ ತ್ಯಾಗ ಅಂತ ಅರ್ಧ ತಾಸು ಹೊಗಳಿ, ಕಡೀಕ ಅವರನ್ನೇ ಚಾ ಕಾಸಾಕ ಕಳಿಸ್ತೀವಿ. ಅವರ ಅಂಜಿಕಿ ಯಾರೂ ಕೇಳಂಗಿಲ್ಲ, ನಾನೂ ಕೇಳಿರಲಿಲ್ಲ.

ಹೊಸಾ ಕಿಡ್ನಿ ಹೆಚ್ಚಾಗಿ ಕೆಳಹೊಟ್ಟ್ಯಾಗ ಬಲಗಡೆ ಇಡ್ತಾರ್ರಿ, ಹಳೇವು ಅಲ್ಲೇ ಇರ್ತಾವ. ಹಿಂಗಾಗಿ ಪ್ಯಾಂಟಿನ ಇಲಾಸ್ಟಿಕ್ ಕರೆಕ್ಟ್ ಹೊಲಿಗಿ ಮ್ಯಾಲ ಕುಂತು ಜೀವಾ ತಗಿತಿತ್ತು. ಅವ್ವಗ ಮಷೀನ್ ತುಳಿಬ್ಯಾಡ ಅಂದಿದ್ರು. ತುಳೀಲಿಲ್ಲ, ಕೈಲೇ ಹೊಲದ್ಲು, ಒಂದ ಕೈ ತನ್ನ ಗಾಯದ ಮ್ಯಾಲ ಇಟ್ಕೊಂಡ, ಹಲ್ಲಿಲೆ ದಾರ ಕಡದ, ಸಡಿಲ ಲಾಡಿ ಪೈಜಾಮ ಎರಡು. ಬೈಬಲ್ದಾಗ ಹನ್ನಳು ತನ್ನ ಮಗ ಸಮುವೇಲಗ ವರ್ಷಾ ವರ್ಷಾ ಸಣ್ಣ ಅಂಗಿ ಹೊಲದ ಒಯ್ತಿದ್ಲಂತಲ್ಲ, ಅದನ್ನ ಸಂಡೇ ಸ್ಕೂಲ್ನಾಗ ಬಾಯಿಪಾಠ ಮಾಡಿದ್ದೆ ಅಷ್ಟ.

ರಕ್ತಾ ಕೊಟ್ಟ ಹುಡುಗ್ರಿಗೆ, ಡಯಾಲಿಸಿಸ್ ಟೆಕ್ನಿಷಿಯನ್ ಅಣ್ಣಂದ್ರಿಗೆ, ಮಹಿಳಾ ಸಂಘದ ಅಕ್ಕೋರಿಗೆ, ಉಪ್ಪಿಲ್ಲದ ಪಲ್ಯಾ ಮಾಡಿ ಕಳಿಸಿದ ಬಾಜೂಮನಿ ಕಾಕುಗ, ರಾತ್ರಿ 2ಕ್ಕ ಬಂದು ರೊಕ್ಕಾ ಮುಟ್ಟದ ಆಟೋ ಚಾಚಾಗ ಭಾಳ ಭಾಳ ಥ್ಯಾಂಕ್ಸ್ ರೀ.

ಬರೂ ರವಿವಾರ ಆರಾಧನೆ ಮುಗದ ಮ್ಯಾಲ ಕೃತಜ್ಞತಾ ಪ್ರಾರ್ಥನೆ ಐತಿ, ಎಲ್ಲಾರೂ ಬರ್ರಿ. ಶಿರಾ, ಚಾ ಅವ್ವ ಮಾಡಂಗಿಲ್ಲ, ನಾನೇ ಮಾಡಾಂವ, ಹೆಂಗ ಆದ್ರೂ ತಿನ್ರಿ.