ನಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿರುವುದು ಕನ್ನಡದಿಂದಲ್ಲ, ನಿಮ್ಮ ಸರ್ವರಿನಿಂದ

ಗೆ,
ದೂರು ಪರಿಹಾರ ಅಧಿಕಾರಿಗಳು,
ಬಲ್ಕ್ ಇಮೇಲ್ ಸೇವಾ ವಿಭಾಗ, ಬೆಂಗಳೂರು

ವಿಷಯ: ಸರ್ವರ್ ವರ್ಗಾವಣೆಯ ನಂತರ ನಮ್ಮ ಪ್ರಕಾಶನದ ಮೇಲ್‌ಗಳು ಸ್ಪ್ಯಾಮ್ ಸೇರುತ್ತಿರುವ ಬಗ್ಗೆ ಹಾಗೂ ಒಪ್ಪಂದ ರದ್ದತಿಯ ಮುನ್ಸೂಚನೆ

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಟಿಕೆಟ್ ಹಾಕಿದ್ದಾಯಿತು, ಚಾಟ್‌ನಲ್ಲಿ ವಿವರಿಸಿದ್ದಾಯಿತು. ಯಾವುದೂ ನಿಮ್ಮ ತಾಂತ್ರಿಕ ವಿಭಾಗದವರ ಕಿವಿಗೆ ಬಿದ್ದಂತಿಲ್ಲ. ಅಕ್ಟೋಬರಿನಲ್ಲಿ ನೀವು ನಮ್ಮ ಖಾತೆಯನ್ನು ಹೊಸ ಸರ್ವರಿಗೆ ವರ್ಗಾಯಿಸಿದ ಮೇಲೆ ನಾವು ಕಳಿಸಿದ್ದೆಲ್ಲ ಜಿಮೇಲ್ ಓದುಗರ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತಿದೆ. ರಾಜ್ಯೋತ್ಸವದ ರಿಯಾಯಿತಿಯ ಮೇಲ್ ಕೂಡ ಅಲ್ಲಿಗೇ ಹೋಯಿತು. ಕನ್ನಡ ಪುಸ್ತಕ ಮಾರುವವರಿಗೆ ನವೆಂಬರ್ ಕೈತಪ್ಪಿದರೆ ಆ ನಷ್ಟ ಡಿಸೆಂಬರಿನಲ್ಲಿ ತುಂಬಿ ಬರುವುದಿಲ್ಲ.

ಕಾರಣ ನಿಮಗೆ ಗೊತ್ತಿರಲೇಬೇಕು. ಜಿಮೇಲ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ ನೋಡಿ: ಎಸ್‌ಪಿಎಫ್ (ಡೊಮೇನಿನ ಪರವಾಗಿ ಈ ಸರ್ವರ್ ಮೇಲ್ ಕಳಿಸಬಹುದೇ ಎಂಬ ಪರೀಕ್ಷೆ) ಪಾಸ್, ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಪಾಸ್, ಡಿಮಾರ್ಕ್ (ಇವುಗಳಲ್ಲಿ ಒಂದಾದರೂ ಕಳಿಸಿದವರ ವಿಳಾಸಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಫೇಲ್. ಮೊದಲೆರಡು ಪಾಸಾಗಿರುವುದು ನಿಮ್ಮ ಡೊಮೇನ್ ಹೆಸರಿನಲ್ಲಿ. 'ಫ್ರಮ್' ವಿಳಾಸದಲ್ಲಿ ಇರುವುದು ನಮ್ಮ ಡೊಮೇನ್. ಎರಡರಲ್ಲಿ ಒಂದೂ ಫ್ರಮ್ ಡೊಮೇನಿಗೆ ತಾಳೆಯಾಗದಿದ್ದರೆ ಡಿಮಾರ್ಕ್ ಫೇಲ್ ಆಗುತ್ತದೆ. ನಮ್ಮ ಡಿಮಾರ್ಕ್ ಪಾಲಿಸಿ 'ಕ್ವಾರಂಟೈನ್' (ಫೇಲ್ ಆದದ್ದನ್ನು ಬೇರೆ ಇಡಿ) ಆದ್ದರಿಂದ ಜಿಮೇಲ್ ಅದನ್ನು ಸ್ಪ್ಯಾಮ್‌ಗೆ ತಳ್ಳುತ್ತದೆ. ಹಳೆಯ ಸರ್ವರಿನಲ್ಲಿ ನಮ್ಮ ಡೊಮೇನಿನ ಡಿಕಿಮ್ ಸಹಿ ಬೀಳುತ್ತಿತ್ತು, ಹೊಸದರಲ್ಲಿ ಬೀಳುತ್ತಿಲ್ಲ. ರಿಟರ್ನ್-ಪಾತ್ (ತಲುಪದ ಮೇಲ್ ಮರಳುವ ವಿಳಾಸ, ಎಸ್‌ಪಿಎಫ್ ನೋಡುವುದು ಇದನ್ನೇ) ಕೂಡ ನಿಮ್ಮದೇ ಆಗಿದೆ. ನಮ್ಮ ಡಿಎನ್‌ಎಸ್‌ನಲ್ಲಿ (ಡೊಮೇನಿನ ದಾಖಲೆ ಪಟ್ಟಿಯಲ್ಲಿ) ನಿಮ್ಮ ಸರ್ವರಿನತ್ತ ತೋರಿಸುವ ಸಿನೇಮ್ ರೆಕಾರ್ಡುಗಳು ಹಾಗೇ ಇವೆ. ನಿಮ್ಮ ಪ್ಯಾನೆಲ್ ಆ ರೆಕಾರ್ಡುಗಳನ್ನಷ್ಟೇ ನೋಡಿ 'ವೆರಿಫೈಡ್' ಎಂದು ಹಸಿರು ತೋರಿಸುತ್ತದೆ. ಹೊರಡುವ ಮೇಲ್‌ನಲ್ಲಿ ಸಹಿ ಯಾರದು ಎಂದು ಅದು ನೋಡುವುದೇ ಇಲ್ಲ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ (ಮೇಲ್ ಕಳಿಸುವವರಿಗೆ ಜಿಮೇಲ್ ಅಂಕಿಅಂಶ ತೋರಿಸುವ ಸೇವೆ) ಸ್ಪ್ಯಾಮ್ ಪ್ರಮಾಣದ ಗ್ರಾಫಿನಲ್ಲಿ ನಮ್ಮ ಡೊಮೇನಿನ ಡಿಕಿಮ್ ಇರುವ ಮೇಲ್‌ಗಳನ್ನು ಮಾತ್ರ ಲೆಕ್ಕಹಾಕುತ್ತದೆ. ವರ್ಗಾವಣೆಯ ದಿನದಿಂದ ಆ ಗ್ರಾಫ್ ಖಾಲಿ.

ಇದನ್ನೇ ನಿಮ್ಮ ಚಾಟ್ ಪ್ರತಿನಿಧಿಗೆ ಹೇಳಿದೆವು. ಅವರು ಹೇಳಿದ್ದು: "ಸರ್, ನಮ್ಮಲ್ಲಿ ಎಲ್ಲಾ ಡೆಲಿವರ್ಡ್ ಅಂತಾನೇ ತೋರಿಸ್ತಿದೆ." ಡೆಲಿವರ್ಡ್ ಎಂದರೆ ಜಿಮೇಲ್ ಸರ್ವರ್ 250 ಕೋಡ್ ಕೊಟ್ಟು ಮೇಲ್ ಸ್ವೀಕರಿಸಿತು ಎಂದಷ್ಟೇ, ಇನ್‌ಬಾಕ್ಸಿಗೆ ಹಾಕಿತು ಎಂದಲ್ಲ ಎಂದೆವು. "ಓಪನ್ ರೇಟ್ ಚೆನ್ನಾಗೇ ಇದೆ ಸರ್" ಎಂದರು. ಓಪನ್ ಎಣಿಸುವುದು ಮೇಲ್‌ನೊಳಗಿನ ಚಿತ್ರ ಇಳಿದಾಗ, 2021ರಲ್ಲಿ ಐಒಎಸ್ 15 ಬಂದಾಗಿನಿಂದ ಗೌಪ್ಯತೆ ರಕ್ಷಣೆ ಆನ್ ಇರುವ ಆಪಲ್ ಮೇಲ್ ತಾನಾಗಿಯೇ ಚಿತ್ರಗಳನ್ನು ಇಳಿಸಿಕೊಳ್ಳುತ್ತದೆ, ಓದುಗ ಮುಟ್ಟದಿದ್ದರೂ ಓಪನ್ ಎಂದು ಎಣಿಕೆಯಾಗುತ್ತದೆ, ಕ್ಲಿಕ್ ನೋಡಿ ಎಂದೆವು. ಹೆಡರ್ (ಮೇಲ್‌ನ ತಾಂತ್ರಿಕ ತಲೆಬರಹ) ಪೂರ್ತಿ ಅಂಟಿಸಿದೆವು. "ಇದು ಕೋಡ್ ಥರ ಇದೆ ಸರ್, ಸ್ಕ್ರೀನ್‌ಶಾಟ್ ಕಳಿಸಿ." ಕಳಿಸಿದೆವು. ಬಹಳ ಹೊತ್ತು ಕಾಯಿಸಿದ ಮೇಲೆ ಬಂದ ಉತ್ತರ: "ಸಬ್ಜೆಕ್ಟ್ ಕನ್ನಡದಲ್ಲಿದೆ ಅಲ್ವಾ ಸರ್, ಅದಕ್ಕೇ ಸ್ಪ್ಯಾಮ್ ಅಂತ ತಗೊಳ್ತಿದೆ. ಇಂಗ್ಲಿಷಲ್ಲಿ ಹಾಕಿ ನೋಡಿ. ಇಲ್ಲಾಂದ್ರೆ ಆ ಡಿಮಾರ್ಕ್ ತೆಗೆದುಬಿಡಿ." ಆಮೇಲೆ ಟಿಕೆಟ್ ಮೇಲೆ 'ಗ್ರಾಹಕರ ಕಂಟೆಂಟ್ ಸಮಸ್ಯೆ' ಎಂದು ಬರೆದು ಮುಚ್ಚಿದರು.

ಕನ್ನಡ ಪುಸ್ತಕದ ಅಂಗಡಿಗೆ ಕನ್ನಡ ಬಿಡಿ ಎಂದು ಹೇಳಿಸಿಕೊಳ್ಳಲು ನಾವು ನಿಮಗೆ ದುಡ್ಡು ಕೊಡುತ್ತಿಲ್ಲ. ಇಂಥದೇ ಕನ್ನಡ ಶೀರ್ಷಿಕೆಯ (ಸಬ್ಜೆಕ್ಟ್‌ನ) ಮೇಲ್‌ಗಳು ಸೆಪ್ಟೆಂಬರ್ ತನಕ ಇನ್‌ಬಾಕ್ಸಿಗೇ ಹೋಗುತ್ತಿದ್ದವು. ಡಿಮಾರ್ಕ್ ತೆಗೆಯಿರಿ ಎಂಬುದು ಇನ್ನೂ ಅಪಾಯದ ಸಲಹೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಡಿಮಾರ್ಕ್ ತೆಗೆದರೆ ನಮ್ಮ ಹೆಸರಿನಲ್ಲಿ ಯಾರು ಬೇಕಾದರೂ ಓದುಗರಿಂದ ಹಣ ಕೇಳಬಹುದು.

ಕನ್ನಡದ ಮಾತು ಬಂತು, ಆದ್ದರಿಂದ ಇದನ್ನೂ ಬರೆದುಕೊಳ್ಳಿ. ಕನ್ನಡ ಶೀರ್ಷಿಕೆಯನ್ನು ಹೆಡರಿನಲ್ಲಿ 75 ಅಕ್ಷರ ಮೀರದ ತುಂಡುಗಳಾಗಿ ಎನ್‌ಕೋಡ್ ಮಾಡಬೇಕು. ಬೇಸ್64ರಲ್ಲಿ (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ವಿಧಾನ) ಒಂದು ತುಂಡಿಗೆ ಹಿಡಿಯುವುದು 45 ಬೈಟ್. ಯುಟಿಎಫ್-8ರಲ್ಲಿ (ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಸಂಕೇತ) ಕನ್ನಡದ ಪ್ರತಿ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆಗೆ (್) 3 ಬೈಟ್, ಖಾಲಿ ಜಾಗಕ್ಕೆ 1. "ರಾಜ್ಯೋತ್ಸವಕ್ಕೆ ಎಲ್ಲ ಪುಸ್ತಕಗಳಿಗೂ ರಿಯಾಯಿತಿ" ಎಂಬಲ್ಲಿ ಮೊದಲ ಪದಕ್ಕೆ 42, ಖಾಲಿ ಜಾಗ ಸೇರಿ 43. ಮುಂದಿನ 'ಎ' 44ರಿಂದ 46ರವರೆಗೆ. ನಿಮ್ಮ ಹೊಸ ತಂತ್ರಾಂಶ 45ಕ್ಕೆ ಕಣ್ಣುಮುಚ್ಚಿ ಕತ್ತರಿಸುತ್ತದೆ. ಹಾಗಾಗಿ ಕೆಲವು ಮೇಲ್ ಆ್ಯಪ್‌ಗಳಲ್ಲಿ 'ಎಲ್ಲ'ದ 'ಎ' ಇರಬೇಕಾದಲ್ಲಿ ಪ್ರಶ್ನೆಚಿಹ್ನೆಗಳು ಕಾಣುತ್ತವೆ. ಅಂಥ ಮೇಲನ್ನು ಯಾರು ನಂಬಿ ತೆರೆಯುತ್ತಾರೆ? ಬಹು-ಬೈಟ್ ಅಕ್ಷರವನ್ನು ಎರಡು ತುಂಡುಗಳಿಗೆ ಹಂಚಬಾರದು ಎಂಬುದು 1996ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 2047ರಲ್ಲೇ ಇದೆ.

ಆಗಬೇಕಾದ್ದು ಇಷ್ಟು. ನಮ್ಮ ಡಿಕಿಮ್ ಕೀಲಿಯನ್ನು ಹೊಸ ಸರ್ವರಿಗೆ ಹಾಕಿ ನಮ್ಮ ಡೊಮೇನಿನಲ್ಲಿ ಸಹಿ ಮಾಡಿ. ರಿಟರ್ನ್-ಪಾತ್ ಅನ್ನು ನಮ್ಮ ಉಪಡೊಮೇನಿಗೆ ತಿರುಗಿಸಿ. ಒಂದಿದ್ದರೆ ಸಾಕು ಎನ್ನಬೇಡಿ. ಕಾಲೇಜು, ಕಚೇರಿ ವಿಳಾಸದಿಂದ ಜಿಮೇಲ್‌ಗೆ ಫಾರ್ವರ್ಡ್ ಹಾಕಿಕೊಂಡ ಓದುಗರ ವಿಷಯದಲ್ಲಿ ಎಸ್‌ಪಿಎಫ್ ಮುರಿಯುತ್ತದೆ, ಡಿಕಿಮ್ ಒಂದೇ ಉಳಿಯುತ್ತದೆ. ಡಿಕಿಮ್ ಕೈಕೊಟ್ಟ ದಿನ ಎಸ್‌ಪಿಎಫ್ ಬೇಕಾಗುತ್ತದೆ. ಶೀರ್ಷಿಕೆ ಕತ್ತರಿಸುವ ದೋಷ ಸರಿಪಡಿಸಿ. ವರ್ಗಾವಣೆಯ ನಂತರದ ಪೂರ್ಣ ಎಸ್‌ಎಂಟಿಪಿ ಲಾಗ್ (ಸರ್ವರ್‌ಗಳ ನಡುವೆ ಮೇಲ್ ಸಾಗಿದ ದಾಖಲೆ) ಕೊಡಿ, ಪ್ಯಾನೆಲ್‌ನ ಸಾರಾಂಶ ಬೇಡ. ಟಿಕೆಟ್ ಮೇಲಿನ 'ಕಂಟೆಂಟ್ ಸಮಸ್ಯೆ' ಎಂಬ ಷರಾ ತೆಗೆದುಹಾಕಿ. ಅಕ್ಟೋಬರ್, ನವೆಂಬರ್ ಶುಲ್ಕ ಹಿಂತಿರುಗಿಸಿ. ಸರಿಯಾದ ಮೇಲೂ ಇಡೀ ಪಟ್ಟಿಗೆ ಒಮ್ಮೆಗೇ ಕಳಿಸಲು ಆಗುವುದಿಲ್ಲ. ಜಿಮೇಲ್‌ನ ನಂಬಿಕೆ ಮರಳಿ ಗಳಿಸಲು, ಇತ್ತೀಚೆಗೆ ಕ್ಲಿಕ್ ಮಾಡಿದವರಿಂದ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಸಂಖ್ಯೆ ಏರಿಸಬೇಕು. ಆ ಅವಧಿಯ ಶುಲ್ಕವನ್ನೂ ನಾವು ಕೊಡುವುದಿಲ್ಲ.

ಏಳು ದಿನದೊಳಗೆ ಇದು ಆಗದಿದ್ದರೆ ಬ್ಯಾಂಕಿಗೆ ಹೇಳಿ ಆಟೋ-ಡೆಬಿಟ್ ನಿಲ್ಲಿಸುತ್ತೇವೆ. ಎಸ್‌ಪಿಎಫ್‌ನಲ್ಲಿ ನಿಮ್ಮ ಹೆಸರು, ಡಿಎನ್‌ಎಸ್‌ನಲ್ಲಿ ನಿಮ್ಮ ಸಿನೇಮ್‌ಗಳು ಅದೇ ದಿನ ಅಳಿಯುತ್ತವೆ. ಆಮೇಲೆ ನಮ್ಮ ವಕೀಲರ ನೋಟಿಸ್ ಬರುತ್ತದೆ. ನಿಮ್ಮ ಸೇವೆ ಬಳಸುವ ಇತರ ಕನ್ನಡ ಪ್ರಕಾಶಕರಿಗೂ ತಮ್ಮ ಮೇಲ್‌ನ 'ಶೋ ಒರಿಜಿನಲ್' ತೆರೆದು ನೋಡುವುದು ಹೇಗೆಂದು ನಾವೇ ಕುಳಿತು ತೋರಿಸಿಕೊಡುತ್ತೇವೆ.

ಇತಿ,
ವ್ಯವಸ್ಥಾಪಕರು,
ಪ್ರಕಾಶನ ವಿಭಾಗ